ಬ್ರಿಜ್ ರೆಕ್ಟಿಫೈಯರ್‌ನ ರಿಪಲ್ 0.54: ನಾನು ಅಳೆದ ಬಗೆ

ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರಿನ ಔಟ್‌ಪುಟ್‌ನಲ್ಲಿ ಉಳಿಯುವ ಎಸಿ ಭಾಗವನ್ನು ಡಿಸಿಯಿಂದ ಭಾಗಿಸಿದರೆ ಬರುವುದು ರಿಪಲ್ ಫ್ಯಾಕ್ಟರ್; ಪುಸ್ತಕಗಳು ಅದನ್ನು 0.48 ಎನ್ನುತ್ತವೆ. ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಸೆಕೆಂಡರಿಗೆ (ಹೊರಬದಿಯ ಸುತ್ತಿಗೆ) ನಾಲ್ಕು ಸಿಲಿಕಾನ್ ಡಯೋಡ್ ಹಾಕಿ, ಫಿಲ್ಟರ್ ಇಲ್ಲದೆ ಅಳೆದರೆ ಆ 0.48 ಬರುವುದಿಲ್ಲ. 0.54ರ ಆಸುಪಾಸು ಬರುತ್ತದೆ. ಈ ಮಾತನ್ನು ಮೊದಲು ಆಡಿದಾಗ ನಮ್ಮ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. ಮೀಟರ್ ಸರಿಯಿಲ್ಲ ಎಂದರು, ಬ್ರೆಡ್‌ಬೋರ್ಡ್ ಸಡಿಲ ಎಂದರು, ಒಬ್ಬರಂತೂ ನನ್ನ ಲೆಕ್ಕವೇ ಸಡಿಲ ಎಂದರು. ಇದ್ದಬದ್ದ ಲ್ಯಾಬ್ ರೆಕಾರ್ಡ್‌ಗಳಲ್ಲೆಲ್ಲ 0.48, 0.482, ಬಹಳ ಧೈರ್ಯವಿದ್ದವರಾದರೆ 0.49 ಎಂದೇ ಇರುವಾಗ ನನ್ನೊಬ್ಬನ ಅಂಕಿಯನ್ನು ನಂಬುವವರು ಯಾರು? ಈಗ ಯಾರು ಬೇಕಾದರೂ ಬಂದು ಅಳೆದು ನೋಡುವ ಹಾಗೆ ಕಟ್ಟಿಟ್ಟಿದ್ದೇನೆ. ನೋಡಿದವರು ತಕರಾರು ಎತ್ತಿಲ್ಲ.

ಸರ್ಕ್ಯೂಟ್ ವಿವರಿಸುವ ಅಗತ್ಯವಿಲ್ಲ. 12-0-12 ಟ್ರಾನ್ಸ್‌ಫಾರ್ಮರ್ (ನಡುವಿನ ತುದಿಯಿಂದ ಎರಡೂ ಕಡೆಗೆ 12 ವೋಲ್ಟ್; ಬ್ರಿಜ್‌ಗೆ ಒಂದು ಅರ್ಧ ಸಾಕು), 1ಎನ್4007 ಡಯೋಡ್‌ಗಳು, 470 ಓಂ ಲೋಡ್. ಲೋಡ್ ಎರಡು ವ್ಯಾಟ್‌ನದಿರಲಿ. ಕಾಲು ವ್ಯಾಟ್‌ನದು 12 ವೋಲ್ಟಿಗೆ ಹೇಗೋ ತಡೆದುಕೊಂಡರೂ ಬಿಸಿಯೇರಿ ಮೌಲ್ಯ ಜಾರುತ್ತದೆ, 24 ವೋಲ್ಟಿಗೆ ಹೋದರೆ ಹೊಗೆಯೇ ಬರುತ್ತದೆ. ಪ್ರೈಮರಿಗೆ (ಮೈನ್ಸ್ ಕಡೆಯ ಸುತ್ತಿಗೆ) ಒಂದು ವೇರಿಯಾಕ್, ಅಂದರೆ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ ಸಾಧನ. ಅದಕ್ಕೆ ದುಡ್ಡು ಬೀಳುತ್ತದೆ. ನಾನು ಪವರ್ ಲ್ಯಾಬಿನಿಂದ ಕೇಳಿ ತಂದೆ. ಆದರೆ ಅದಿಲ್ಲದೆ ಈ ಕೆಲಸ ಮಾಡುವುದು ವ್ಯರ್ಥ. ಸಣ್ಣ ಟ್ರಾನ್ಸ್‌ಫಾರ್ಮರ್ ಮೇಲೆ 12 ಎಂದು ಬರೆದಿರುವುದು ಅದರ ಪೂರ್ತಿ ಲೋಡಿನ ಮಾತು. 20 ಮಿಲಿಆಂಪಿಯರ್ ಎಳೆದರೆ ಅದು 13.5, ಒಮ್ಮೊಮ್ಮೆ 14 ವೋಲ್ಟನ್ನೂ ಕೊಡುತ್ತದೆ. ಲೋಡ್ ಹಾಕಿ, ಸೆಕೆಂಡರಿಯನ್ನು ಸರಿಯಾಗಿ 12ಕ್ಕೆ ತಂದು ನಿಲ್ಲಿಸಿದ ಮೇಲೆಯೇ ನಾನು ಮುಂದಿನದಕ್ಕೆ ಕೈ ಹಾಕುವುದು.

ಮೊದಲ ತಲೆನೋವು ಕೊಟ್ಟದ್ದು ಮೀಟರ್. ಎಲ್ಲರ ಕೈಯಲ್ಲೂ ಇರುವ ಆ ಅಗ್ಗದ ಡಿಜಿಟಲ್ ಮೀಟರಿನ ಎಸಿ ರೇಂಜಿನಲ್ಲಿ ಒಳಗಿರುವುದು ಒಂದೇ ಡಯೋಡ್. ಡಿಸಿಯನ್ನು ತಡೆಯುವ ಕೆಪಾಸಿಟರ್ ಇಲ್ಲ. ಸರಾಸರಿಯನ್ನು 2.22ರಿಂದ ಗುಣಿಸಿ ತೋರಿಸುವುದಷ್ಟೇ ಅದರ ಕೆಲಸ. ನಂಬಿಕೆ ಬರದಿದ್ದರೆ ಎಸಿ ರೇಂಜಿಗೆ ಹಾಕಿ 9 ವೋಲ್ಟ್ ಬ್ಯಾಟರಿಗೆ ಹಿಡಿದು ನೋಡಿ: ಒಂದು ಕಡೆಯಿಂದ 20ರ ಹತ್ತಿರ ತೋರಿಸುತ್ತದೆ, ತಂತಿ ತಿರುಗಿಸಿದರೆ ಸೊನ್ನೆ. ಇಂಥ ಮೀಟರನ್ನು ರೆಕ್ಟಿಫೈಯರಿನ ಔಟ್‌ಪುಟ್‌ಗೆ ನೇರವಾಗಿ ಹಚ್ಚಿದರೆ ಎಸಿ 21 ವೋಲ್ಟ್, ಡಿಸಿ 9.5 ವೋಲ್ಟ್, ರಿಪಲ್ ಫ್ಯಾಕ್ಟರ್ 2.2! ಇದನ್ನು ಕಂಡು ಹೆದರಿದವರು ರೆಕಾರ್ಡಿನಲ್ಲಿ 0.48 ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ.

ಸರಣಿಯಲ್ಲಿ ಒಂದು ಕೆಪಾಸಿಟರ್ ಹಾಕಿದರೆ ಸರಿಹೋದೀತು ಎಂದು ಎಲ್ಲರಿಗೂ ಹೊಳೆಯುತ್ತದೆ. ಹಾಕಿದರೆ ಮೀಟರ್ ನಿಧಾನವಾಗಿ ಸೊನ್ನೆಯತ್ತ ಇಳಿಯುತ್ತದೆ. ಒಳಗಿನ ಡಯೋಡ್ ಆ ಕೆಪಾಸಿಟರನ್ನು ಪೀಕ್‌ವರೆಗೆ (ತರಂಗದ ತುದಿಯವರೆಗೆ) ತುಂಬಿಸಿಬಿಡುತ್ತದೆ, ಹಿಂದಿರುಗಲು ದಾರಿಯಿಲ್ಲ. ಈ ಹಂತದಲ್ಲಿ ಕೈಬಿಟ್ಟವರು ಬಹಳ. ಮೀಟರಿನ ಎರಡು ತುದಿಗಳ ನಡುವೆ 22 ಕಿಲೋಓಂ ಒಂದನ್ನು ಕಟ್ಟಿ, ಹಿಂದೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಇಟ್ಟರೆ ಓದು ನಿಲ್ಲುತ್ತದೆ. ಎಲೆಕ್ಟ್ರೋಲಿಟಿಕ್ ಬೇಡ, ಸೋರಿಕೆ ಕಾಡುತ್ತದೆ. ಹಳೆಯ ಮುಳ್ಳಿನ ಮೀಟರುಗಳಲ್ಲಿ ಕೆಲವಕ್ಕೆ ‘ಔಟ್‌ಪುಟ್’ ಎಂಬ ಪ್ರತ್ಯೇಕ ತೂತು ಇರುತ್ತಿತ್ತು; ಅದರೊಳಗಿನ ಕೆಪಾಸಿಟರ್ ಇದೇ ಕೆಲಸಕ್ಕೆ. ಆ ತೂತನ್ನು ಯಾರಾದರೂ ಬಳಸಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಆದರೂ ಇದು ಸರಾಸರಿ ಅಳೆದು ಸೈನ್ ತರಂಗವೆಂದು ಭಾವಿಸಿ ಹೇಳುವ ಮೀಟರ್. ಪೂರ್ಣ ತರಂಗದ ರಿಪಲ್‌ಗೆ ಅದು ಶೇಕಡ 3ರಷ್ಟು ಕಡಿಮೆ ಹೇಳುತ್ತದೆ. ಕೊನೆಗೆ ಟ್ರೂ ಆರ್‌ಎಮ್‌ಎಸ್ ಮೀಟರ್ (ತರಂಗದ ಆಕಾರ ಯಾವುದಿದ್ದರೂ ಸರಿಯಾದ ಮೌಲ್ಯ ಹೇಳುವಂಥದ್ದು) ಒಂದನ್ನು ಎರವಲು ತಂದು ಹೋಲಿಸಿದೆ. ಅದು 5.1ರಿಂದ 5.2 ವೋಲ್ಟ್ ಹೇಳಿತು, ನನ್ನ ಅಗ್ಗದ ಜೋಡಣೆ ಐದರ ಹತ್ತಿರ ಸುತ್ತುತ್ತಿತ್ತು. ಎರಡರ ನಡುವಿನ ದುಡ್ಡಿನ ಅಂತರ ನೋಡಿದರೆ ನನಗೆ ಅಗ್ಗದ್ದೇ ಇಷ್ಟ.

ಇನ್ನು ಸ್ಕೋಪ್, ಅಂದರೆ ತರಂಗವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್. ಸೆಂಟರ್ ಟ್ಯಾಪ್ (ಸುತ್ತಿನ ನಡುವಿನ ತುದಿ ಮತ್ತು ಎರಡೇ ಡಯೋಡ್ ಬಳಸುವ ರೆಕ್ಟಿಫೈಯರ್) ಒಳ್ಳೆಯದು, ಬ್ರಿಜ್ ಕಿರಿಕಿರಿ ಎಂಬ ಹೆಸರು ಬಂದದ್ದೇ ಇದರಿಂದ. ಸೆಂಟರ್ ಟ್ಯಾಪ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಗ್ರೌಂಡ್ ಒಂದೇ. ಬ್ರಿಜ್‌ನಲ್ಲಿ ಒಂದು ಚಾನೆಲ್‌ನ ಗ್ರೌಂಡ್ ಕ್ಲಿಪ್ಪನ್ನು ಸೆಕೆಂಡರಿಯ ತುದಿಗೆ, ಇನ್ನೊಂದನ್ನು ಡಿಸಿ ಮೈನಸ್‌ಗೆ ಹಚ್ಚಿದರೆ, ಒಳಗೆ ಎರಡೂ ಕ್ಲಿಪ್ಪುಗಳು ಒಂದೇ ಆದ್ದರಿಂದ ಒಂದು ಡಯೋಡ್ ಶಾರ್ಟ್ ಆಗುತ್ತದೆ. ಮುಂದಿನ ಅರ್ಧ ಸೈಕಲ್‌ನಲ್ಲಿ ಟ್ರಾನ್ಸ್‌ಫಾರ್ಮರಿನ ಪೂರ್ತಿ ಬಲ ಪಕ್ಕದ ಡಯೋಡಿನ ಮೇಲೆ ಬೀಳುತ್ತದೆ. ಆ ಡಯೋಡ್ ಸುಟ್ಟು ತೆರೆದುಕೊಂಡರೆ ಪುಣ್ಯ, ಪರದೆಯ ಮೇಲೆ ಅರ್ಧ ತರಂಗ ಉಳಿಯುತ್ತದೆ. ಶಾರ್ಟ್ ಆಗಿ ಸತ್ತರೆ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಡಯೋಡ್ ಹೋದರೆ ಯಾರೂ ಅಳುವುದಿಲ್ಲ, ಹಿಡಿಗಟ್ಟಲೆ ಕೊಂಡಿಡುವ ವಸ್ತು ಅದು. ಟ್ರಾನ್ಸ್‌ಫಾರ್ಮರ್ ಹೋದರೆ ಹತ್ತಾರು ಡಯೋಡ್‌ಗಳ ದುಡ್ಡು ಒಟ್ಟಿಗೆ ಹೋಗುತ್ತದೆ. ಸೆಕೆಂಡರಿಯಲ್ಲಿ 250 ಮಿಲಿಆಂಪಿಯರ್ ಫ್ಯೂಸ್ ಹಾಕಿದ ಮೇಲೆ ಆ ಖರ್ಚು ನಿಂತಿತು. ಸ್ಕೋಪಿನ ಅರ್ಥ್ ಪಿನ್ ಮುರಿದು ಕೆಲಸ ಮಾಡುವ ಶೂರರೂ ಇದ್ದಾರೆ. ಅವರ ಮೇಜಿನ ಬಳಿ ನಾನು ನಿಲ್ಲುವುದಿಲ್ಲ.

ಗ್ರೌಂಡ್ ಬೇಡದೆ ಎರಡು ತುದಿಗಳ ವ್ಯತ್ಯಾಸವನ್ನೇ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ತರಿಸೋಣವೆಂದರೆ ಅದರ ಬೆಲೆಗೆ ಇನ್ನೊಂದು ಸಾಧಾರಣ ಸ್ಕೋಪೇ ಬರುತ್ತದೆ. ನಾನು ಎರಡೂ ಕ್ಲಿಪ್ಪುಗಳನ್ನು ಡಿಸಿ ಮೈನಸ್‌ನಲ್ಲೇ ಇಟ್ಟು, ಸೆಕೆಂಡರಿಯ ಒಂದೊಂದು ತುದಿಗೆ ಒಂದೊಂದು ಚಾನೆಲ್ ಹಿಡಿದು, ಒಂದರಿಂದ ಇನ್ನೊಂದನ್ನು ಕಳೆದೆ. ಸೆಕೆಂಡರಿ ತರಂಗ ಪೂರ್ತಿ ಸಿಕ್ಕಿತು. ಇದರಲ್ಲಿ ಬಿಟ್ಟಿಯಾಗಿ ಇನ್ನೊಂದು ಲಾಭವೂ ಇತ್ತು: ಒಂದೊಂದು ಚಾನೆಲ್‌ನ ತರಂಗ ತಳದಲ್ಲಿ ಸೊನ್ನೆಗಿಂತ 0.7 ವೋಲ್ಟಿನಷ್ಟು ಕೆಳಗಿಳಿದು ಚಪ್ಪಟೆಯಾಗುತ್ತದೆ. ಅದೇ ಡಯೋಡಿನ ಡ್ರಾಪ್ (ಕರೆಂಟ್ ದಾಟುವಾಗ ಡಯೋಡ್ ನುಂಗುವ ವೋಲ್ಟೇಜ್), ಲೋಡ್ ಹರಿಯುತ್ತಿರುವಾಗಲೇ ಅಳೆದದ್ದು.

0.54 ಬರುವ ಗುಟ್ಟು ಆ ಡ್ರಾಪಿನಲ್ಲಿದೆ. 12 ವೋಲ್ಟಿನ ಪೀಕ್ 17. ಪುಸ್ತಕದ ಪ್ರಕಾರ ಡಿಸಿ 10.8 ಬರಬೇಕು, ಎರಡು ಡಯೋಡ್ ದಾಟಿ ಬರುವಾಗ 9.5 ಆಗುತ್ತದೆ. ಎಸಿ ಭಾಗ ಮಾತ್ರ 5.2ರಿಂದ ಅಲುಗಾಡುವುದೇ ಇಲ್ಲ ಎನ್ನಬಹುದು, ಏಕೆಂದರೆ ಡ್ರಾಪ್ ಕಳೆಯುವುದು ಹೆಚ್ಚುಕಡಿಮೆ ಡಿಸಿಯನ್ನೇ. ಭಾಗಾಕಾರದಲ್ಲಿ ಕೆಳಗಿನ ಡಿಸಿ ಕುಗ್ಗಿತು, ಮೇಲಿನ ಎಸಿ ಹಾಗೇ ಉಳಿಯಿತು, ಭಾಗಿಸಿದರೆ 0.54. ಸೊನ್ನೆ ದಾಟುವ ಕಡೆ ಔಟ್‌ಪುಟ್ ಸುಮಾರು ಅರ್ಧ ಮಿಲಿಸೆಕೆಂಡ್ ನೆಲಕ್ಕಂಟಿಕೊಂಡಿರುವುದು ಸ್ಕೋಪಿನಲ್ಲಿ ಕಾಣುತ್ತದೆ.

ಇಷ್ಟು ಹೇಳಿದರೂ ತಲೆಯಾಡಿಸದವರಿಗೆ ವೇರಿಯಾಕ್ ತಿರುಗಿಸಿ ತೋರಿಸಿದೆ. 6 ವೋಲ್ಟಿಗೆ ಇಳಿಸಿದರೆ 0.6 ದಾಟುತ್ತದೆ. ಎರಡು ಹೊರ ತುದಿಗಳಿಂದ 24 ವೋಲ್ಟ್ ತೆಗೆದರೆ 0.51ಕ್ಕೆ ಬರುತ್ತದೆ. ಡಯೋಡ್‌ಗಳನ್ನು ಕಿತ್ತು ಡ್ರಾಪ್ ಕಡಿಮೆಯಿರುವ 1ಎನ್5819 ಷಾಟ್ಕಿ ಡಯೋಡ್ ಹಾಕಿದರೆ 12 ವೋಲ್ಟಿನಲ್ಲೇ 0.51. ಸಿಗ್ನಲ್ ಜನರೇಟರ್ ಇಟ್ಟುಕೊಂಡು ಡ್ರಾಪನ್ನು ಇಲ್ಲವಾಗಿಸುವ ಆಪ್-ಆಂಪ್‌ನ ಪ್ರಿಸಿಷನ್ ರೆಕ್ಟಿಫೈಯರ್ ಕಟ್ಟಿದಾಗ ಮಾತ್ರ ಪುಸ್ತಕದ 0.48 ನನ್ನ ಕಣ್ಣೆದುರು ಬಂದಿತು. ಒಂದರ ಹಿಂದೊಂದು ಅಂಕಿಗಳು ಹೀಗೆ ಸರಿದದ್ದನ್ನು ಕಂಡ ಮೇಲೆ ಮೀಟರ್ ಕೆಟ್ಟಿದೆ ಎಂಬ ಮಾತು ನಿಂತಿತು. ದಕ್ಷತೆಯ (ಒಳಹೋದ ಎಸಿ ಶಕ್ತಿಯಲ್ಲಿ ಡಿಸಿಯಾಗಿ ಬರುವ ಪಾಲಿನ) ಕಥೆಯೂ ಇದೇ: ಶೇಕಡ 81.2 ಎಂದು ಬಾಯಿಪಾಠ ಮಾಡುತ್ತೇವಲ್ಲ, 12 ವೋಲ್ಟ್ ಬ್ರಿಜ್‌ನಲ್ಲಿ ಶೇಕಡ 70ನ್ನು ಮುಟ್ಟಿಸುವುದೂ ಕಷ್ಟ, ಸೆಂಟರ್ ಟ್ಯಾಪ್‌ನಲ್ಲಿ 75ರ ಹತ್ತಿರ.

ಒಂದು ತೊಡಕು ಉಳಿದಿತ್ತು. ಮೈನ್ಸ್ ತರಂಗ ಈಗ ಎಲ್ಲಿಯೂ ಶುದ್ಧ ಸೈನ್ ಅಲ್ಲ. ಕಂಪ್ಯೂಟರ್, ಚಾರ್ಜರ್‌ಗಳೆಲ್ಲ ಪೀಕಿನಲ್ಲೇ ಕರೆಂಟ್ ಎಳೆದು ಅದರ ತಲೆ ಚಪ್ಪಟೆ ಮಾಡಿಬಿಟ್ಟಿವೆ. ಚಪ್ಪಟೆ ತಲೆಯ ತರಂಗ ರಿಪಲ್ಲನ್ನು ತುಸು ಕಡಿಮೆ ತೋರಿಸುತ್ತದೆ. ಈ ಇಳಿಕೆ, ಸರಾಸರಿ ಮೀಟರಿನ ಇಳಿಕೆ ಎರಡೂ ಸೇರಿದರೆ ಸೆಂಟರ್ ಟ್ಯಾಪ್‌ನ 0.51 ಅನ್ನು 0.48ರ ಹತ್ತಿರಕ್ಕೆ ಎಳೆಯುತ್ತವೆ. ಪ್ರಾಮಾಣಿಕವಾಗಿ ಅಳೆದವರಿಗೂ ಪುಸ್ತಕದ ಅಂಕಿ ಸಿಕ್ಕಿದ್ದು ಹೀಗೆಯೇ ಇರಬೇಕು ಎಂದು ನನ್ನ ಗುಮಾನಿ. ಆ ತಲೆಯನ್ನು ಮತ್ತೆ ದುಂಡಗೆ ಮಾಡಿಕೊಳ್ಳಲು ನನ್ನದೊಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಫಿಲ್ಟರಿನ ಕಡೆಗೂ ಒಮ್ಮೆ ಹೊರಳಿದೆ. ಕೆಪಾಸಿಟರ್ 1000 ಮೈಕ್ರೋಫ್ಯಾರಡ್, ಲೋಡ್ 150 ಓಂ, ಅಂದರೆ 100 ಮಿಲಿಆಂಪಿಯರ್. ಸೂತ್ರ ಒಂದು ವೋಲ್ಟ್ ರಿಪಲ್ ಹೇಳುತ್ತದೆ, ಸ್ಕೋಪ್ 0.8 ತೋರಿಸಿತು, ಡಯೋಡ್ ತುಂಬಿಸುವ ಹೊತ್ತನ್ನು ಸೂತ್ರ ಲೆಕ್ಕಕ್ಕೇ ಇಡುವುದಿಲ್ಲ. ಬ್ರಿಜ್‌ನ ಮೈನಸ್ ಮತ್ತು ಕೆಪಾಸಿಟರ್ ಮೈನಸ್ ನಡುವೆ 1 ಓಂ ಇಟ್ಟು ನೋಡಿದರೆ ಕರೆಂಟ್ ಎರಡೂವರೆ ಮಿಲಿಸೆಕೆಂಡಿನಷ್ಟು ಹೊತ್ತು 600 ಮಿಲಿಆಂಪಿಯರ್‌ವರೆಗೆ ಚಿಮ್ಮಿ ಮಾಯವಾಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಸುತ್ತಿನಲ್ಲಿ ಹರಿಯುವ ಆರ್‌ಎಮ್‌ಎಸ್ ಕರೆಂಟ್ ಡಿಸಿಯ ಎರಡು ಪಟ್ಟಿನ ಹತ್ತಿರ. ಒಂದು ಆಂಪಿಯರ್ ಎಂದು ಬರೆದ ಟ್ರಾನ್ಸ್‌ಫಾರ್ಮರಿನಿಂದ ಒಂದು ಆಂಪಿಯರ್ ಡಿಸಿ ಎಳೆದು, ಅದು ಬಿಸಿಯಾಗುತ್ತಿದೆ ಎಂದು ತಯಾರಕರನ್ನು ಬೈಯುವವರು ಇದನ್ನೊಮ್ಮೆ ನೋಡಬೇಕು. ನಾನಂತೂ ಅರ್ಧ ಆಂಪಿಯರ್ ದಾಟುವುದಿಲ್ಲ.

ಜನರೇಟರ್ ಕೈಯಲ್ಲಿದ್ದಾಗ ಒಂಟಿ 1ಎನ್4007ನ್ನು 50 ಕಿಲೋಹರ್ಟ್ಸ್‌ಗೂ ಒಡ್ಡಿದೆ. ಅದು ಅಷ್ಟು ಬೇಗ ಮುಚ್ಚಿಕೊಳ್ಳಲಾರದೆ ಎರಡೂ ಕಡೆಗೆ ಹರಿಯಗೊಟ್ಟಿತು. ಅದೇ ಜಾಗದಲ್ಲಿ ವೇಗದ ಡಯೋಡ್ 1ಎನ್4148 ಏನೂ ಆಗದವರ ಹಾಗೆ ದುಡಿಯಿತು.

ಸೆಂಟರ್ ಟ್ಯಾಪ್‌ನಲ್ಲಿ ಅಕ್ಕಪಕ್ಕದ ಎರಡು ಗುಬ್ಬಗಳು ಒಂದೇ ಎತ್ತರ ಇರದಿದ್ದರೆ ಡಯೋಡ್ ಬದಲಿಸುತ್ತ ಕೂರಬೇಡಿ. ಒಳಗಿನ ಅರ್ಧ ಸುತ್ತಿಗೆ ತಂತಿ ಕಡಿಮೆ, ರೆಸಿಸ್ಟೆನ್ಸೂ ಕಡಿಮೆ. ಲೋಡ್ ಹೆಚ್ಚಿಸಿದಂತೆ ಆ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ, ರಿಪಲ್‌ನಲ್ಲಿ 100 ಹರ್ಟ್ಸ್ ಜೊತೆಗೆ 50 ಕೂಡ ಸೇರುತ್ತದೆ. ಡಯೋಡ್‌ಗಳನ್ನು ಅದಲುಬದಲು ಮಾಡಿದರೂ ಕುಳ್ಳ ಗುಬ್ಬ ಇದ್ದಲ್ಲೇ ಇದ್ದರೆ ದೋಷ ಟ್ರಾನ್ಸ್‌ಫಾರ್ಮರಿನದು. ಬ್ರಿಜ್‌ನಲ್ಲಿ ಎರಡು ಅರ್ಧಕ್ಕೂ ಅದೇ ಸುತ್ತು ದುಡಿಯುವುದರಿಂದ ಈ ತಂಟೆ ಇಲ್ಲ.