ನಮ್ಮ ಮನೆಯ ಕ್ರಯಪತ್ರ ನಾನೇ ಬರೆದೆ

ಶಿವಮೊಗ್ಗದಲ್ಲಿ ಅಪ್ಪ ಕಟ್ಟಿಸಿದ್ದ ಮನೆಯನ್ನು 2025ರ ಅಕ್ಟೋಬರ್‌ನಲ್ಲಿ ಮಾರಿದೆವು. ಮಾರಿದವರು ಅಮ್ಮ, ನಾನು, ತಮ್ಮ. ನಮ್ಮ ಕಡೆ ಕ್ರಯಪತ್ರ ಬರೆಸುವುದು ಸಾಮಾನ್ಯವಾಗಿ ಕೊಳ್ಳುವವರು. ಮಾರುವವರು ಆ ದಿನ ಹೋಗಿ ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಬರುತ್ತಾರೆ. ಒಳಗೇನು ಬರೆದಿದೆ ಅಂತ ಪೂರ್ತಿ ಓದುವವರು ಕಡಿಮೆ. ಆದರೆ 'ಈ ಸ್ವತ್ತಿನ ಮೇಲೆ ಯಾವ ಸಾಲವೂ ಇಲ್ಲ, ಬೇರೆ ವಾರಸುದಾರರು ಇಲ್ಲ, ಮುಂದೆ ತಂಟೆ ತಕರಾರು ಬಂದರೆ ನಾವೇ ಪರಿಹರಿಸಿಕೊಡುತ್ತೇವೆ' ಎಂದು ಮಾತು ಕೊಡುವವರು ನಾವು ಅಲ್ವಾ? ಹಾಗಾಗಿ ಕರಡು ನಾನೇ ಬರೆಯುತ್ತೇನೆ ಎಂದೆ. ತಮಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ನೋಡಿ ಒಪ್ಪಿದರೆ ಸಾಕು ಅಂತ ಕೊಳ್ಳುವವರು ಹೇಳಿದರು.

ಬರೆಯಲು ಹಿಡಿದದ್ದು ಎರಡು ಸಂಜೆ. ಬರೆದ ಮಾತು ನಿಜವಾಗುವಂತೆ ಹಳೆಯ ದಾಖಲೆಗಳನ್ನು ಸರಿಮಾಡಿಸಲು ಒಂಬತ್ತು ತಿಂಗಳು ಹಿಡಿಯಿತು.

ತೀರಿಕೊಳ್ಳುವ ಮೊದಲು ಅಪ್ಪ ವಿಲ್ ಬರೆದಿರಲಿಲ್ಲ. ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ, ಇನ್ನೂ ಅವರ ಹೆಸರಲ್ಲೇ ಇತ್ತು. ಚಿಕ್ಕಪ್ಪ ಒಂದು ಸಲಹೆ ಕೊಟ್ಟರು: "ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ. ನೀನು ಸುಮ್ನೆ ತಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡು, ಕೆಲಸ ಹಗುರ ಆಗತ್ತೆ." ಇದು ತುಂಬಾ ಜನರ ತಿಳಿವಳಿಕೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ನಮ್ಮದು ಅಪ್ಪನ ಸ್ವಯಾರ್ಜಿತ. ವಿಲ್ ಇಲ್ಲದೆ ತೀರಿಕೊಂಡರೆ ಅದು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ (ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ) ಸಮಪಾಲಾಗಿ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಹಾಗಿದೆ. ಚಿಕ್ಕಪ್ಪನಿಗೆ ಇದನ್ನು ಸಮಾಧಾನವಾಗಿ ಹೇಳಿದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ತಂದ ವಂಶವೃಕ್ಷ ಕೊಟ್ಟು ಮೂವರ ಹೆಸರಿಗೆ ಖಾತೆ ಮಾಡಿಸಿದೆ. ಅದಾದ ಮೇಲೆ ಇ-ಖಾತೆ, ಅಂದರೆ ಆ ಖಾತೆಯ ಡಿಜಿಟಲ್ ರೂಪ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ಮನೆ, ಸೈಟು ನೋಂದಣಿ ಆಗುವುದಿಲ್ಲ.

ನಿಜವಾದ ತೊಡಕು ಇದ್ದದ್ದು ಇಸಿಯಲ್ಲಿ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ. ಆನ್‌ಲೈನ್‌ನಲ್ಲಿ ತೆಗೆದ ಇಸಿ ಸ್ವಚ್ಛವಾಗಿತ್ತು. ಆದರೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನ ವಿವರ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೆಯ ಪುಸ್ತಕದಲ್ಲಿ ಹುಡುಕಿಸಬೇಕು. ಸೈಟು ಕೊಂಡ 1988ರಿಂದ ಹುಡುಕಿಸಿದೆ. 1996ರಲ್ಲಿ ಒಂದು ಅಡಮಾನ ಪತ್ರ ನೋಂದಣಿಯಾಗಿತ್ತು! ಮನೆ ಕಟ್ಟಲು ಅಪ್ಪ ಒಂದು ಸಹಕಾರಿ ಬ್ಯಾಂಕಿನಿಂದ ಪಡೆದ ಸಾಲ ಅದು. ಸಾಲ ಎಂದೋ ತೀರಿತ್ತು. ಮೂಲಪತ್ರವೂ ಮನೆಗೆ ಬಂದಿತ್ತು, ಬ್ಯಾಂಕಿನ ತೀರುವಳಿ ಚೀಟಿಯೂ ಇತ್ತು. ಆದರೆ ಅಡಮಾನ ಬಿಡುಗಡೆ ಪತ್ರವನ್ನು ಯಾರೂ ನೋಂದಣಿ ಮಾಡಿಸಿರಲಿಲ್ಲ. ಸರ್ಕಾರದ ಪುಸ್ತಕದಲ್ಲಿ ನಮ್ಮ ಮನೆ ಇನ್ನೂ ಅಡವೇ. ಬ್ಯಾಂಕಿನವರು ಹಳೆಯ ಲೆಡ್ಜರ್ ಹುಡುಕಿ, ತಮ್ಮ ಅಧಿಕಾರಿಯನ್ನು ಕಳಿಸಿ ಬಿಡುಗಡೆ ಪತ್ರ ಬರೆದುಕೊಡುವಷ್ಟರಲ್ಲಿ ಏಳು ವಾರ ಆಯಿತು. ಮುಂಗಡ ತಗೊಂಡ ಮೇಲೆ ಇದು ಗೊತ್ತಾಗಿದ್ದರೆ ಕರಾರಿನ ಗಡುವು ತಲೆಯ ಮೇಲೆ ಕೂತಿರುತ್ತಿತ್ತು. ಸಾಲ ತೀರಿಸಿದವರು ದಯವಿಟ್ಟು ಇವತ್ತೇ ಒಮ್ಮೆ ನೋಡಿಕೊಳ್ಳಿ. ತೀರುವಳಿ ಚೀಟಿ ಬೀರುವಿನಲ್ಲಿ ಇದ್ದ ಮಾತ್ರಕ್ಕೆ ಇಸಿಯಲ್ಲಿ ಸಾಲ ಅಳಿಸಿಹೋಗುವುದಿಲ್ಲ.

ಇಷ್ಟಾದ ಮೇಲೆ ಜುಲೈನಲ್ಲಿ ಮಾರಾಟದ ಕರಾರು ಪತ್ರ. ಬೆಲೆ 63 ಲಕ್ಷ. ಅದರಲ್ಲಿ ಹಟ ಹಿಡಿದು ಸೇರಿಸಿದ ಒಂದು ಸಾಲು: 'ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವನ್ನು ನೋಂದಣಿಯ ದಿನ ಜಾರಿಯಲ್ಲಿರುವ ದರದಂತೆ ಖರೀದಿದಾರರೇ ಭರಿಸತಕ್ಕದ್ದು.' ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. 63,000 ಇದ್ದದ್ದು 1,26,000 ಆಯಿತು. ಕೊಳ್ಳುವವರಿಗೆ ಬೇಸರವಾಯಿತು, ಆದರೆ ಜಗಳ ಆಗಲಿಲ್ಲ. ಟಿಡಿಎಸ್, ಅಂದರೆ ನಮಗೆ ಕೊಡುವ ಹಣದಲ್ಲಿ ಕೊಳ್ಳುವವರು ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ, ಅದರ ಬಗ್ಗೆಯೂ ಬರೆದಿದ್ದೆ. ಒಬ್ಬೊಬ್ಬರ ಪಾಲು 21 ಲಕ್ಷ ತಾನೇ, 50 ಲಕ್ಷದ ಒಳಗೆ ಇದೆ, ಟಿಡಿಎಸ್ ಬರಲ್ಲ ಅಂತ ತಮ್ಮ ಅಂದುಕೊಂಡಿದ್ದ. 2024ರ ಅಕ್ಟೋಬರ್‌ನಿಂದ ಎಲ್ಲರ ಪಾಲು ಸೇರಿಸಿ ಲೆಕ್ಕ ಹಾಕಬೇಕು. ಹಾಗಾಗಿ ಕೊಳ್ಳುವವರು ಶೇ. 1ರಂತೆ ಹಿಡಿದು, ನಮ್ಮ ಮೂವರ ಪ್ಯಾನ್‌ಗೂ ಬೇರೆ ಬೇರೆಯಾಗಿ ಅದಕ್ಕಿದ್ದ 26ಕ್ಯೂಬಿ ಫಾರಂ ತುಂಬಿದರು. ದುಡ್ಡೆಲ್ಲ ಬ್ಯಾಂಕ್ ಮೂಲಕವೇ ಬಂತು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ.

ಇನ್ನು ಕ್ರಯಪತ್ರ. ಅಪ್ಪನ 1988ರ ಪತ್ರವನ್ನೇ ಮುಂದಿಟ್ಟುಕೊಂಡೆ. ಛಾಪಾ ಕಾಗದದ ಮೇಲೆ ಕೈಬರಹ. 'ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ' ಎಂದು ಶುರು. ನಡುವೆ 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಶಾಸನಗಳ ಕಾಲದಿಂದ ನಡೆದುಬಂದ ಮಾತು. ಓದುತ್ತಾ ಓದುತ್ತಾ ಮನಸ್ಸು ತುಂಬಿ ಬಂತು. ಆ ಸಾಲನ್ನು ಹಾಗೇ ಉಳಿಸಿಕೊಂಡೆ.

ಆದರೆ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಹಾಗೇ ನಕಲು ಮಾಡುವಂತಿರಲಿಲ್ಲ. ಹಳೆಯ ಪತ್ರದಲ್ಲಿ ಪೂರ್ವಕ್ಕೆ ಒಬ್ಬರ ಹೆಸರಿನ ಸೈಟು, ಪಶ್ಚಿಮಕ್ಕೆ ಖಾಲಿ ಜಾಗ. ಈಗ ಎರಡೂ ಕಡೆ ಮನೆ, ಮಾಲೀಕರೂ ಬದಲು. ಹೆಸರು ಬದಲಾಗುತ್ತದೆ, ಸೈಟಿನ ನಂಬರು ಬದಲಾಗುವುದಿಲ್ಲ. ಅದಕ್ಕೇ ಪ್ರತಿ ದಿಕ್ಕಿಗೂ ಸೈಟಿನ ನಂಬರು, ಹಳೆಯ ಪತ್ರದಲ್ಲಿದ್ದ ಗುರುತು, ಈಗಿನ ಮಾಲೀಕರು, ಮೂರನ್ನೂ ಬರೆದೆ. ಸ್ವತ್ತಿನ ಗಡಿ, ಅಳತೆ ಬರೆಯುವ ಈ ಷೆಡ್ಯೂಲಿನಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಅಳತೆಯಲ್ಲಿ ನಾನು ತಪ್ಪಿದೆ. 30 ಅಡಿ, 40 ಅಡಿಯನ್ನು 9.14 ಮತ್ತು 12.19 ಮೀಟರ್ ಎಂದು ಬರೆದು ಗುಣಿಸಿದ್ದೆ, 111.42 ಚದರ ಮೀಟರ್ ಬಂತು. ಇ-ಖಾತೆಯಲ್ಲಿ ಇದ್ದದ್ದು 111.48. ಕಾವೇರಿ 2.0ರಲ್ಲಿ ಕರಡು ಹಾಕಿದ ಮೇಲೆ ಅದು ತಿದ್ದುಪಡಿಗೆ ವಾಪಸ್ ಬಂತು. ಇ-ಖಾತೆಯಲ್ಲಿ ಇರುವ ಅಂಕಿಯನ್ನೇ ಹಾಕಬೇಕು, ನಾವು ಲೆಕ್ಕ ಮಾಡಬಾರದು.

ಪತ್ರದ ಕೊನೆಯಲ್ಲಿ 'ಬಿಕ್ಕಲಂ' ಅಂತ ಬರೆದವರ ಹೆಸರು ಹಾಕುತ್ತಾರೆ. ಬೇರೆಯವರ ಪತ್ರ ಬರೆಯುವುದನ್ನೇ ಕಸುಬು ಮಾಡಿಕೊಂಡ ಪತ್ರಬರಹಗಾರರಿಗೆ ಲೈಸೆನ್ಸ್ ಬೇಕು, ನಮ್ಮದನ್ನು ನಾವೇ ಬರೆದುಕೊಳ್ಳಲು ಬೇಡ. ಅಲ್ಲಿ ನನ್ನ ಹೆಸರು ಬರೆದೆ. ಆಮೇಲೆ ಪರಿಚಯದ ವಕೀಲರೊಬ್ಬರಿಗೆ ಫೀಸು ಕೊಟ್ಟು ಒಮ್ಮೆ ಓದಿಸಿದೆ. ಈ ಖರ್ಚನ್ನು ಉಳಿಸಲು ಹೋಗಬೇಡಿ. ನಾವು ಮೂವರೂ ಹೇಗೆ ವಾರಸುದಾರರಾದೆವು ಅನ್ನುವ ವಿವರ ಸಾಲದು, ಅಪ್ಪ ತೀರಿಕೊಂಡ ತಾರೀಖು, ವಂಶವೃಕ್ಷದ ನಂಬರು ಬರೆಯಿರಿ ಎಂದು ಅವರು ಸೇರಿಸಿಸಿದರು.

ಕೊಳ್ಳುವವರು ಶುಲ್ಕ ಕಟ್ಟಿದರು, ಸಮಯ ಗೊತ್ತುಮಾಡಿದೆವು. ತಮ್ಮ ಪುಣೆಯಿಂದ ಬಂದ. ಅಮ್ಮನಿಗೆ ಮಂಡಿ ನೋವು. ತೀರಾ ಆಗದವರ ಮನೆಗೇ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಆದರೂ ಅವರು "ನಾನೇ ಬರ್ತೀನಿ" ಎಂದರು. ಫೋಟೋ, ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು. ಬೇಗ ಮುಗಿಯಿತು.

ಸಂಜೆ ಹಳೆಯ ಕಾಗದಗಳನ್ನು ಒಪ್ಪಿಸಿದೆ. 1988ರ ಮೂಲಪತ್ರ, ಅಡಮಾನ ಬಿಡುಗಡೆ ಪತ್ರ, ಎರಡು ಇಸಿ, ಕಂದಾಯ ರಸೀದಿಗಳು, ಮೆಸ್ಕಾಂ ಆರ್‌ಆರ್ ನಂಬರಿನ ಕೊನೆಯ ಬಿಲ್ಲು. ಒಟ್ಟು ಹದಿನಾಲ್ಕು. ಪಟ್ಟಿ ಬರೆದು 'ತಲುಪಿದೆ' ಅಂತ ಸಹಿ ಹಾಕಿಸಿಕೊಂಡೆ. 1988ರ ಪತ್ರದ ಒಂದು ಝೆರಾಕ್ಸ್ ತನಗೆ ಬೇಕು ಅಂತ ಅಮ್ಮ ಕೇಳಿದರು. ತೆಗೆಸಿಕೊಟ್ಟೆ.