ಜಿನ್ನಿಂಗ್ ಮಿಲ್ಲಿನಲ್ಲಿ ಯುಎಸ್‌ಬಿ ಸೀರಿಯಲ್ ಬೋರ್ಡ್ ಉಳಿಸಿಕೊಂಡ ಬಗೆ

ಗದಗ ಕಡೆಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಎನರ್ಜಿ ಮೀಟರುಗಳ ರೀಡಿಂಗ್ ಕಂಪ್ಯೂಟರಿಗೆ ತರುವ ಕೆಲಸ ನನಗೆ ಬಂತು. ಮೀಟರುಗಳೆಲ್ಲ ಆರ್‌ಎಸ್-485 ಎಂಬ ಎರಡು ತಂತಿಯ ಡೇಟಾ ಲೈನಿನ ಮೇಲೆ, ಮಾಡ್‌ಬಸ್ ಎಂಬ ಸಂವಹನ ಕ್ರಮದಲ್ಲಿ ರೀಡಿಂಗ್ ಕೊಡುತ್ತವೆ. ಆ ಲೈನನ್ನು ಕಂಪ್ಯೂಟರಿಗೆ ಜೋಡಿಸಲು ಅಲ್ಲಿ ಮೊದಲೇ ಹಾಕಿದ್ದ ಯುಎಸ್‌ಬಿ ಕನ್ವರ್ಟರುಗಳು ಒಣ ಹವೆಯ ದಿನಗಳಲ್ಲಿ ಒಂದೊಂದಾಗಿ ಸುಟ್ಟುಹೋಗುತ್ತಿದ್ದವು. ಉಳಿದವು ದೊಡ್ಡ ಮೋಟಾರ್ ಶುರುವಾದಾಗ ಕಂಪ್ಯೂಟರಿನಿಂದ ಮಾಯವಾಗುತ್ತಿದ್ದವು. ಕೇಬಲ್ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತಿತ್ತು.

ಇವೆರಡೂ ಒಂದೇ ತೊಂದರೆ ಅನ್ನಿಸುತ್ತದೆ, ಅಲ್ವಾ? ಆದರೆ ಬೇರೆ ಬೇರೆ. ಚಿಪ್ ಸುಡುವುದು ಸ್ಟ್ಯಾಟಿಕ್‌ನಿಂದ. ಒಣ ಹತ್ತಿ ಉಜ್ಜುವ ಜಾಗದಲ್ಲಿ ಮೈಮೇಲೆ ಸಾವಿರಾರು ವೋಲ್ಟ್ ಕೂರುತ್ತದೆ, ಆ ಕೈಯಲ್ಲೇ ಕೇಬಲ್ ಮುಟ್ಟುತ್ತಾರೆ. ಪೋರ್ಟ್ ಮಾಯವಾಗುವುದು ಮೋಟಾರ್ ಮತ್ತು ಅದರ ವೇಗ ನಿಯಂತ್ರಿಸುವ ಡ್ರೈವ್‌ಗಳ ನಾಯ್ಸ್‌ನಿಂದ, ಅಂದರೆ ವಿದ್ಯುತ್ ಗದ್ದಲದಿಂದ. ಲಿನಕ್ಸ್ ಇದನ್ನು ಲಾಗ್‌ನಲ್ಲೇ ಬರೆದಿಡುತ್ತದೆ: ಹಬ್ ಈ ಪೋರ್ಟನ್ನು ನಿಲ್ಲಿಸಿದೆ, ಇಎಂಐ (ಇಂಥದೇ ವಿದ್ಯುತ್ ಗದ್ದಲದ ಅಡ್ಡಿ) ಇರಬಹುದೇ ಎಂದು. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಸಾಲುವುದಿಲ್ಲ. ಅದಕ್ಕೇ ಹೊಸ ಬೋರ್ಡ್ ಮಾಡಲು ಕೂತೆ.

ಯುಎಸ್‌ಬಿ ಕಡೆಗೆ ಯುಎಸ್‌ಬಿಯನ್ನು ಸೀರಿಯಲ್ ಡೇಟಾಗೆ ಬದಲಿಸುವ ಎಫ್‌ಟಿ232ಆರ್ ಚಿಪ್, ಅದರ ಮುಂದೆ ಯುಎಸ್‌ಬಿಎಲ್‌ಸಿ6-2 ಎಂಬ ಪುಟ್ಟ ರಕ್ಷಣಾ ಬಿಡಿಭಾಗ ಹಾಕಿದೆ. ಅದರ ಕೆಪಾಸಿಟೆನ್ಸ್ ತುಂಬ ಕಡಿಮೆ, ಹಾಗಾಗಿ 12 ಮೆಗಾಬಿಟ್ ಸಿಗ್ನಲ್‌ಗೆ ಏನೂ ತೊಂದರೆಯಿಲ್ಲ. ಆದರೆ ಭಾಗ ಯಾವುದು ಅನ್ನುವುದಕ್ಕಿಂತ ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದು ದೊಡ್ಡದು. ಸ್ಟ್ಯಾಟಿಕ್ ಹೊಡೆತದ ಐಇಸಿ 61000-4-2 ಪರೀಕ್ಷೆಯಲ್ಲಿ 8 ಕಿಲೋವೋಲ್ಟ್ ಕಾಂಟ್ಯಾಕ್ಟ್ ಹೊಡೆತ ಕೊಟ್ಟರೆ ಸುಮಾರು 30 ಆಂಪಿಯರ್ ಕರೆಂಟ್ ಒಂದು ನ್ಯಾನೊಸೆಕೆಂಡಿನ ಒಳಗೆ ಏರುತ್ತದೆ. ತೆಳು ಟ್ರ್ಯಾಕಿಗೆ ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ರಕ್ಷಣಾ ಭಾಗದಿಂದ ಗ್ರೌಂಡಿಗೆ ಹೋಗುವ ದಾರಿ 10 ಮಿ.ಮೀ. ಆದರೆ ಆ ತುಂಡಿನ ಮೇಲೇ 300 ವೋಲ್ಟ್ ಎದ್ದುಬಿಡುತ್ತದೆ! ಅಷ್ಟೂ ಚಿಪ್‌ನ ಪಿನ್ನಿಗೆ ಬೀಳುತ್ತದೆ. ಆದ್ದರಿಂದ ಅದನ್ನು ಕನೆಕ್ಟರಿಗೆ ಅಂಟಿದಂತೆ ಕೂರಿಸಿದೆ. ಸಿಗ್ನಲ್ ಟ್ರ್ಯಾಕ್ ಅದರ ಪ್ಯಾಡಿನ ಮೇಲೆ ಹಾದು ಆಮೇಲೆ ಚಿಪ್ಪಿಗೆ ಹೋಗುವಂತೆ ಎಳೆದೆ, ಪಕ್ಕಕ್ಕೆ ಬಾಲ ಬಿಡಲಿಲ್ಲ. ಗ್ರೌಂಡ್ ಪ್ಯಾಡಿನ ಬುಡದಲ್ಲೇ ಮೂರ್ನಾಲ್ಕು ವಯಾ (ಪದರಗಳನ್ನು ಜೋಡಿಸುವ ಲೋಹ ಲೇಪಿತ ರಂಧ್ರ) ಇಟ್ಟು ನೇರ ಗ್ರೌಂಡ್ ಪ್ಲೇನಿಗೆ, ಅಂದರೆ ಗ್ರೌಂಡಿನ ತಾಮ್ರದ ಪದರಕ್ಕೆ ಇಳಿಸಿದೆ. 5 ವೋಲ್ಟ್ ಲೈನಿಗೆ ನಾಯ್ಸ್ ತಡೆಯುವ ಫೆರೈಟ್ ಬೀಡ್ ಮತ್ತು 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಕಾಯಿತು.

ನಾಯ್ಸ್‌ಗೆ ಮೂಲ ಕಾರಣ ಅರ್ಥಿಂಗ್. ಕಂಪ್ಯೂಟರಿನ ಮೂರು ಪಿನ್ನಿನ ಪ್ಲಗ್ ಒಂದು ಅರ್ಥ್, ದೂರದ ಪ್ಯಾನಲ್ ಬೋರ್ಡಿನದು ಇನ್ನೊಂದು. ಮೋಟಾರ್ ಶುರುವಾದಾಗ ಇವೆರಡರ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಆರ್‌ಎಸ್-485 ತಡೆಯುವುದು -7ರಿಂದ +12 ವೋಲ್ಟ್ ಮಾತ್ರ. ಅದನ್ನು ಮೀರಿದರೆ ಡೇಟಾ ಕೆಡುತ್ತದೆ, ಕರೆಂಟ್ ಯುಎಸ್‌ಬಿ ಕೇಬಲ್ಲಿನ ಗ್ರೌಂಡಿನಲ್ಲೇ ಹರಿಯುತ್ತದೆ. ಇಲ್ಲಿ ಐಸೊಲೇಷನ್, ಅಂದರೆ ಎರಡು ಬದಿಗಳ ನಡುವೆ ತಂತಿಯ ಸಂಪರ್ಕವಿಲ್ಲದೆ ಡೇಟಾ ಮಾತ್ರ ದಾಟಿಸುವುದು, ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಎಡಿಯುಎಂ1301 ಐಸೊಲೇಟರ್ ಹಾಕಿದೆ: ಎರಡು ಚಾನಲ್ ಆಚೆಗೆ (ಆರ್‌ಎಸ್-485 ಬದಿಗೆ), ಒಂದು ಈಚೆಗೆ (ಯುಎಸ್‌ಬಿ ಬದಿಗೆ). ಕಳಿಸುವ ಡೇಟಾ, ದಿಕ್ಕು ಬದಲಿಸುವ ಸಿಗ್ನಲ್, ಬರುವ ಡೇಟಾ ಮೂರಕ್ಕೂ ಸರಿಹೋಯಿತು. ಆಚೆ ಬದಿಯ ಕರೆಂಟಿಗೆ ಪುಟ್ಟ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್. ನಡುವಿನ ಗಡಿಯ ಕೆಳಗೆ ಯಾವ ಪದರದಲ್ಲೂ ತಾಮ್ರ ಬಿಡಲಿಲ್ಲ.

ಐಸೊಲೇಷನ್ ಹಾಕಿದ ಮೇಲೆ ಬಹಳ ಜನ ಗಮನಿಸದ ಒಂದು ವಿಷಯವಿದೆ. ಆಚೆ ಬದಿಯ ಗ್ರೌಂಡ್ ಈಗ ತೇಲುತ್ತಿರುತ್ತದೆ. ಹೊಡೆತ ಹೀರುವ ಎಸ್‌ಎಂ712 ಎಂಬ ಟಿವಿಎಸ್ ಡಯೋಡನ್ನು ಆರ್‌ಎಸ್-485ರ ಎ-ಬಿ ಎಂಬ ಎರಡು ಲೈನುಗಳಿಂದ ಆ ತೇಲುವ ಗ್ರೌಂಡಿಗೆ ಹಾಕಿ ಸುಮ್ನೆ ಕೂತರೆ, ಬಂದ ಸ್ಟ್ಯಾಟಿಕ್ ಎಲ್ಲಿಗೆ ಹೋಗಬೇಕು? ಗಡಿ ದಾಟಿ ಕಂಪ್ಯೂಟರಿನ ಕಡೆಗೇ ಹಾರುತ್ತದೆ. ಅದಕ್ಕೆ ವೈರ್ ಕನೆಕ್ಟರಿನ ಪಕ್ಕದಲ್ಲೇ ಒಂದು ಅರ್ಥ್ ಸ್ಕ್ರೂ ಕೊಟ್ಟೆ. ಆಚೆ ಗ್ರೌಂಡಿನಿಂದ ಅದಕ್ಕೆ 2 ಕಿಲೋವೋಲ್ಟಿನ 1 ನ್ಯಾನೊಫ್ಯಾರಡ್ ಕೆಪಾಸಿಟರ್, ಜೊತೆಗೆ 1 ಮೆಗಾಓಮ್ ರೆಸಿಸ್ಟರ್. ಸ್ಕ್ರೂವಿನಿಂದ ಪ್ಯಾನಲ್ ಅರ್ಥಿಗೆ ದಪ್ಪನೆಯ, ಗಿಡ್ಡ ವೈರ್. ಹೊಡೆತಕ್ಕೆ ಹೋಗಲು ಜಾಗ ಸಿಕ್ಕಿತು, ಮೋಟಾರಿನ 50 ಹರ್ಟ್ಸ್ ಕರೆಂಟಿಗೆ ದಾರಿ ತೆರೆಯಲಿಲ್ಲ. ಇಡೀ ಬೋರ್ಡಿನಲ್ಲಿ ನನಗೆ ಜಾಸ್ತಿ ತೃಪ್ತಿ ಕೊಟ್ಟ ಭಾಗ ಇದೇ.

ಆರ್‌ಎಸ್-485 ಲೈನಿನ ಎರಡು ತುದಿಗಳಲ್ಲಿ ಮಾತ್ರ, ಸಿಗ್ನಲ್ ಮರಳಿ ಪುಟಿಯದಂತೆ, 120 ಓಮ್ ರೆಸಿಸ್ಟರ್. ಯಾರೂ ಡೇಟಾ ಕಳಿಸದಿದ್ದಾಗಲೂ ಎ-ಬಿ ನಡುವೆ 200 ಮಿಲಿವೋಲ್ಟಿಗಿಂತ ಹೆಚ್ಚು ಇರಬೇಕು, ಇಲ್ಲದಿದ್ದರೆ ರಿಸೀವರ್ ನಾಯ್ಸನ್ನೇ ಡೇಟಾ ಎಂದು ಓದಿಕೊಳ್ಳುತ್ತದೆ. ಒಂದು ಲೈನಿನಿಂದ 5 ವೋಲ್ಟಿಗೆ, ಇನ್ನೊಂದರಿಂದ ಗ್ರೌಂಡಿಗೆ 560 ಓಮಿನ ಒಂದೊಂದು ಬಯಾಸ್ ರೆಸಿಸ್ಟರ್ ಹಾಕಿದರೆ ಸುಮಾರು 250 ಮಿಲಿವೋಲ್ಟ್ ಸಿಗುತ್ತದೆ.

ಮಿಲ್ಲಿಗೆ ಒಯ್ಯುವ ಮೊದಲು ಅಡುಗೆಮನೆಯ ಗ್ಯಾಸ್ ಲೈಟರಿನಿಂದ, ಅಂದರೆ ಒತ್ತಿದರೆ ಕಿಡಿ ಹಾರುವ ಬಗೆಯದರಿಂದ, ಕನೆಕ್ಟರಿನ ಲೋಹದ ಕವಚಕ್ಕೂ ಅರ್ಥ್ ಸ್ಕ್ರೂವಿಗೂ ಕಿಡಿ ಕೊಟ್ಟು ನೋಡಿದೆ. ಆ ಹೊತ್ತಿನಲ್ಲೂ ಡೇಟಾ ಓಡುತ್ತಿತ್ತು. ಇದು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ, ಆದರೆ ಬಲಹೀನ ಜಾಗ ಇದ್ದರೆ ಬೇಗ ತೋರಿಸಿಕೊಡುತ್ತದೆ. ಮಾಡುವುದಾದರೆ ಹಳೆಯ ಲ್ಯಾಪ್‌ಟಾಪ್ ಬಳಸಿ, ನಡುವೆ ಒಂದು ಅಗ್ಗದ ಹಬ್ ಇರಲಿ.

ಮಿಲ್ಲಿನಲ್ಲಿ ಕೂರಿಸುವಾಗ ಆರ್‌ಎಸ್-485 ಕೇಬಲ್ಲಿನ ಶೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆ) ಪ್ಯಾನಲ್ ತುದಿಯಲ್ಲಷ್ಟೇ ಅರ್ಥ್ ಮಾಡಿದೆ. ಅದನ್ನು ಡ್ರೈವ್‌ನ ಮೋಟಾರ್ ಕೇಬಲ್ ಇರುವ ಟ್ರೇಯಿಂದ ತೆಗೆಸಿ ಬೇರೆ ಟ್ರೇಗೆ ಹಾಕಿಸಿದೆ. ಪೋರ್ಟ್ ಹೆಸರು ಬದಲಾಗದಂತೆ ಚಿಪ್‌ನ ಸೀರಿಯಲ್ ನಂಬರ್ ಹಿಡಿದೇ ಪ್ರೋಗ್ರಾಂ ಪೋರ್ಟ್ ತೆರೆಯುತ್ತದೆ. ಈಗ ಮೋಟಾರ್ ಶುರುವಾದಾಗ ಒಮ್ಮೊಮ್ಮೆ ಒಂದು ಸಿಆರ್‌ಸಿ ತಪ್ಪು (ಬಂದ ಡೇಟಾ ಕೆಟ್ಟಿದೆ ಎಂದು ತಿಳಿಸುವ ತಾಳೆ) ಬರುತ್ತದೆ, ಮರುಕ್ಷಣ ಅದೇ ಮೀಟರನ್ನು ಮತ್ತೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.