ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಐವರ ಕೆಲಸ: ನನ್ನ ಅನುಭವ

ಅರಸೀಕೆರೆಯ ನನ್ನ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು ಈಗ ನನ್ನ ಎದುರು ಕೂರುವ ಹೊತ್ತಿಗೆ, ಅವರ ರಕ್ತದೊತ್ತಡವನ್ನು ಎರಡು ಸಲ ಅಳೆದು, ಪಾದಗಳನ್ನು ಪರೀಕ್ಷಿಸಿ, ಮನೆಯಿಂದ ತಂದ ಮಾತ್ರೆಗಳನ್ನೆಲ್ಲ ಹಳೆಯ ಚೀಟಿಯೊಂದಿಗೆ ತಾಳೆ ನೋಡಿ ಆಗಿರುತ್ತದೆ. ಹೀಗೆ ಡಾಕ್ಟರ ಕೆಲಸವನ್ನು ನರ್ಸ್, ಫಾರ್ಮಸಿಸ್ಟ್ ಮುಂತಾದವರೊಂದಿಗೆ ಹಂಚಿಕೊಳ್ಳುವ ಯೋಚನೆಯನ್ನು ಆರೇಳು ವರ್ಷಗಳ ಹಿಂದೆ ವೈದ್ಯಮಿತ್ರರ ಮುಂದಿಟ್ಟಾಗ, ‘ನಮ್ಮ ಜನ ಡಾಕ್ಟರ ಕೈಗುಣ ನಂಬಿ ಬರುತ್ತಾರೆ, ಸಿಸ್ಟರ್ ಮಾತು ಕೇಳಲು ಯಾರೂ ಕಾಯುವುದಿಲ್ಲ’ ಎಂದು ಹಿರಿಯರೊಬ್ಬರು ಹೇಳಿದ್ದರು. ಆ ದಿನ ಅವರ ಮಾತಿಗೆ ತಲೆದೂಗಿದ ಮೂವರು ಕಳೆದ ತಿಂಗಳು ನಮ್ಮಲ್ಲಿಗೆ ಬಂದು, ಅರ್ಧ ದಿನ ಕುಳಿತು ಬರೆದುಕೊಂಡು ಹೋದರು.

ಈ ಯೋಚನೆಗೆ ಮೂಲ ಇಂಗ್ಲೆಂಡಿನಲ್ಲಿ ಜಿ.ಪಿ., ಅಂದರೆ ಕುಟುಂಬ ವೈದ್ಯ, ಆಗಿರುವ ನನ್ನ ಸಹಪಾಠಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್. 2019ರಿಂದ ಸ್ಥಳೀಯ ವೈದ್ಯರ ತಂಡಗಳಿಗೆ ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಮುಂತಾದವರನ್ನು ಸೇರಿಸಿಕೊಳ್ಳಲು ಹಣ ಕೊಡುತ್ತಿದೆ. ನನಗೆ ಹಾಗೆ ಕೊಡುವವರು ಯಾರೂ ಇರಲಿಲ್ಲ. ಮೊದಲ ವರ್ಷ ಸಂಬಳಗಳಿಗೇ ತಿಂಗಳಿಗೆ ಸುಮಾರು 38 ಸಾವಿರ ಹೆಚ್ಚುವರಿ ಖರ್ಚಾಗಿ, ವರ್ಷದ ಕೊನೆಗೆ ಎರಡೂವರೆ ಲಕ್ಷದಷ್ಟು ಕೈ ಬಿಟ್ಟಿತು. ಅದನ್ನು ತೋಟದ ಕೊಬ್ಬರಿಯ ಹಣದಿಂದ ತುಂಬಿಸಿದೆ.

ಮೊದಲ ಸೋಲು ಆಹಾರ ತಜ್ಞರ ವಿಷಯದಲ್ಲಿ. ವಾರಕ್ಕೊಮ್ಮೆ ಬರುತ್ತಿದ್ದ ಆಕೆ ಓದಿದವರು, ಶ್ರದ್ಧೆಯುಳ್ಳವರು. ಆದರೆ ಅವರು ಕೊಡುತ್ತಿದ್ದ ಅಚ್ಚಿನ ಪಟ್ಟಿಯಲ್ಲಿ ಓಟ್ಸ್, ಬ್ರೊಕೋಲಿ ಇದ್ದವೇ ಹೊರತು ಮುದ್ದೆ ಇರಲಿಲ್ಲ. ರಾಗಿಯಾದರೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂದು ನಂಬಿದ ರೈತನಿಗೆ ಆ ಪಟ್ಟಿಯಿಂದ ಏನೂ ದಕ್ಕಲಿಲ್ಲ. ನಾಲ್ಕು ತಿಂಗಳಲ್ಲಿ ಆ ಏರ್ಪಾಡು ನಿಂತಿತು. ಬಳಿಕ ಊರಿನ ಬಡಗಿಯಿಂದ ಮೂರು ಗಾತ್ರದ ಮರದ ಮುದ್ದೆಗಳನ್ನು ಮಾಡಿಸಿದೆ. ‘ನಿಮ್ಮ ಮನೆಯ ಮುದ್ದೆ ಇದರಲ್ಲಿ ಯಾವುದು?’ ಎಂದು ಸಿಸ್ಟರ್ ಕೇಳುತ್ತಾರೆ, ರೋಗಿ ದೊಡ್ಡದನ್ನು ಮುಟ್ಟುತ್ತಾರೆ, ಮಾತು ಅಲ್ಲಿಂದ ಮುಂದುವರಿದು ಸೊಪ್ಪಿನ ಸಾರು, ಹುರುಳಿಕಾಳಿನವರೆಗೂ ಹೋಗುತ್ತದೆ. ಆ ಮೂರು ಮರದ ಉಂಡೆಗಳಿಗೆ ತಗುಲಿದ್ದು 300 ರೂಪಾಯಿಯೋ ಏನೋ.

ನರ್ಸ್ ವಿಷಯದಲ್ಲಿ ಕಲಿತದ್ದು ಹೆಚ್ಚು. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ಇಬ್ಬರು ಯುವತಿಯರಿಗೆ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದಲೂ 128 ಹರ್ಟ್ಸ್‌ನಲ್ಲಿ ಕಂಪಿಸುವ ಟ್ಯೂನಿಂಗ್ ಫೋರ್ಕ್‌ನಿಂದಲೂ ಪಾದದ ಸ್ಪರ್ಶಜ್ಞಾನ ಪರೀಕ್ಷಿಸುವುದು, ಇನ್ಸುಲಿನ್ ಚುಚ್ಚಿದ ಜಾಗದ ಗಂಟುಗಳನ್ನು ಗುರುತಿಸುವುದು, ಇನ್ಹೇಲರ್ ಎಳೆಯುವ ಕ್ರಮವನ್ನು ತಿದ್ದುವುದು ಎಲ್ಲವನ್ನೂ ಮೂರು ಮೂರು ತಿಂಗಳು ಕಲಿಸಿದೆ. ಒಬ್ಬರು ಎಂಟು ತಿಂಗಳಿಗೆ ಬೆಂಗಳೂರಿಗೆ, ಇನ್ನೊಬ್ಬರು ವರ್ಷ ತುಂಬುವ ಮೊದಲೇ ಕೊಲ್ಲಿ ದೇಶಕ್ಕೆ ಹೋದರು. ಮೂರನೆಯ ಸಲ, ಮದುವೆಯಾಗಿ ಇಲ್ಲೇ ನೆಲೆಸಿ, ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದ ಒಬ್ಬರನ್ನು ಹುಡುಕಿ, ಮಕ್ಕಳ ಶಾಲೆಯ ವೇಳೆಗೆ ಹೊಂದುವಂತೆ ಬೆಳಿಗ್ಗೆ ಒಂಬತ್ತೂವರೆಯಿಂದ ಮೂರೂವರೆಯವರೆಗೆ ಕೆಲಸ ಗೊತ್ತುಮಾಡಿದೆ. ಅವರು ಇಂದಿಗೂ ಇದ್ದಾರೆ. ಅವರನ್ನು ಉಳಿಸಿಕೊಳ್ಳಲು ಮಾಡಿಕೊಂಡ ಇನ್ನೊಂದು ಏರ್ಪಾಡು ಆ ಸಿಸ್ಟರ್ ಮತ್ತು ನನ್ನ ನಡುವೆಯೇ ಇರಲಿ. ಕೆಮ್ಮಿಗೆಂದು ಬಂದಿದ್ದ ತೋಟದ ಯಜಮಾನರೊಬ್ಬರ ಅಂಗಾಲಿನಲ್ಲಿ ಮುಳ್ಳು ಮುರಿದು ಕೀವಾಗಿದ್ದುದನ್ನು ಈ ಸಿಸ್ಟರ್ ಕಂಡುಹಿಡಿದ ದಿನ ನನ್ನ ಅನುಮಾನಗಳೆಲ್ಲ ಕೊನೆಗೊಂಡವು. ಸ್ಪರ್ಶಜ್ಞಾನ ಹೋಗಿದ್ದ ಆ ಕಾಲನ್ನು ನಾನೊಬ್ಬನೇ ಇದ್ದಿದ್ದರೆ ಆ ದಿನ ನೋಡುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಫಾರ್ಮಸಿ ಅಧಿಕಾರಿಯೊಬ್ಬರು. ವಾರಕ್ಕೆ ಮೂರು ದಿನ, ಹತ್ತರಿಂದ ಒಂದರವರೆಗೆ, ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡುವುದೇ ಅವರ ಕೆಲಸ. ಜನ ಅವರನ್ನು ‘ಕಾಂಪೌಂಡರ್ ಸಾರ್’ ಎನ್ನುತ್ತಾರೆ, ನನಗೆ ಹೇಳದ್ದನ್ನು ಅವರಿಗೆ ಹೇಳುತ್ತಾರೆ. ಇಬ್ಬರು ವೈದ್ಯರು ಬರೆದ, ಹೆಸರು ಬೇರೆಯಾದರೂ ಒಳಗೆ ಸಕ್ಕರೆ ಇಳಿಸುವ ಒಂದೇ ಔಷಧ, ಗ್ಲಿಮಿಪಿರೈಡ್, ಇದ್ದ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗುತ್ತಿದ್ದ ಅಜ್ಜಿಗೆ ಬೆಳಗಿನ ಜಾವ ಬೆವರಿ ತಲೆ ಸುತ್ತುತ್ತಿದ್ದುದರ ಕಾರಣ ಹಾಗೆಯೇ ಸಿಕ್ಕಿತು. ಬಿಪಿ ಮಾತ್ರೆಯ ಜೊತೆಗೆ ಅಂಗಡಿಯಿಂದ ತಾವೇ ಕೊಂಡು ದಿನವೂ ಮಂಡಿನೋವಿನ ಮಾತ್ರೆ ನುಂಗುವವರಂತೂ ವಾರಕ್ಕೆ ಇಬ್ಬರು ಮೂವರಾದರೂ ಸಿಗುತ್ತಾರೆ. ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು ಅವರ ರಕ್ತದ ಕ್ರಿಯಾಟಿನಿನ್ ನೋಡಿಸದೆ ಕಳುಹಿಸುವುದಿಲ್ಲ. ಮಾತ್ರೆಯ ಪ್ರಮಾಣವನ್ನು ನನ್ನ ಹೊರತು ಯಾರೂ ಬದಲಿಸಬಾರದೆಂಬ ನಿಯಮವಿದೆ. ಅವರು ಚೀಟಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ನಾನು ನೋಡಿ ತೀರ್ಮಾನಿಸುತ್ತೇನೆ.

ಓದಲು ಬಾರದವರಿಗಾಗಿ ಮಾತ್ರೆಯ ಹಾಳೆಗಳಿಗೆ ಸೂರ್ಯ, ಚಂದ್ರರ ಚೀಟಿ ಅಂಟಿಸಿ ನೋಡಿದೆವು. ಹೊಸ ಹಾಳೆ ಕೊಂಡೊಡನೆ ಗುರುತು ಹೋಗುತ್ತಿತ್ತು. ಆಮೇಲೆ ಬೆಳಿಗ್ಗೆಗೆ ಹಳದಿ, ರಾತ್ರಿಗೆ ನೀಲಿ ಬಟ್ಟೆಯ ಚೀಲಗಳನ್ನು ಜೋಡಿಗೆ ಇಪ್ಪತ್ತು ರೂಪಾಯಿಯಂತೆ ಹೊಲಿಸಿದೆವು. ಕಣ್ಣಿನ ಪೊರೆ ಬಂದವರಿಗೆ ಬಣ್ಣವೂ ತಿಳಿಯದಾದಾಗ ರಾತ್ರಿಯ ಚೀಲದ ದಾರಕ್ಕೆ ಒಂದು ಗಂಟು ಹಾಕಿಕೊಟ್ಟೆವು, ಅದು ನಿಂತಿತು.

ಫಿಸಿಯೋಥೆರಪಿಸ್ಟರಿಗೆ ಮೊದಲು ತಿಂಗಳ ಸಂಬಳ ಗೊತ್ತುಮಾಡಿ ಕೈಸುಟ್ಟುಕೊಂಡೆ. ಈಗ ವಾರಕ್ಕೆ ಎರಡು ಮಧ್ಯಾಹ್ನ ನನ್ನ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಡುತ್ತೇನೆ, ಅವರ ಶುಲ್ಕ ಪೂರ್ತಿ ಅವರದೇ. ಅದರಲ್ಲಿ ಪಾಲು ಕೇಳುವುದು ವೃತ್ತಿಧರ್ಮಕ್ಕೆ ಸಲ್ಲದು. ಕೇಳಿದ್ದರೆ ಇಷ್ಟು ದಿನ ಅವರು ನಿಲ್ಲುತ್ತಲೂ ಇರಲಿಲ್ಲ.

ಟೋಕನ್ ಕೊಡುವ ಹುಡುಗಿ ಪಿ.ಯು.ಸಿ. ಓದಿದವಳು. ಗಡುವು ಮೀರಿದರೂ ಬಾರದವರಿಗೆ ಫೋನ್ ಮಾಡುವುದು ಅವಳ ಸಂಜೆಯ ಕೆಲಸ. ಆರಂಭದಲ್ಲಿ ‘ನೀವು ಬಂದಿಲ್ಲ’ ಎಂದು ಶುರುಮಾಡಿದರೆ ಜನ ಇದನ್ನು ದುಡ್ಡಿನ ಕರೆಯೆಂದೇ ತಿಳಿದರು. ಈಗ ಅವಳು ಹೇಳುವ ಮೊದಲ ವಾಕ್ಯವನ್ನು ರೂಪಿಸಲು ನನಗೆ ಎರಡು ವರ್ಷ ಹಿಡಿಯಿತು. ಅದನ್ನು ಕೇಳಬೇಕೆನ್ನುವವರು ಕ್ಲಿನಿಕ್ಕಿಗೇ ಬರಬೇಕು. ಮೊದಲು ಹತ್ತರಲ್ಲಿ ನಾಲ್ವರು ಮೂರು ತಿಂಗಳೊಳಗೆ ಮರಳುತ್ತಿದ್ದರೆ, ಈಗ ಏಳು ಜನ ಬರುತ್ತಾರೆ. ಮೂರನೆಯ ವರ್ಷ ಶುಲ್ಕವನ್ನು 100ರಿಂದ 200ಕ್ಕೆ ಏರಿಸಿದಾಗ ಗೊಣಗಿದವರು ಬೆರಳೆಣಿಕೆಯಷ್ಟು ಮಂದಿ. ನಾಲ್ಕನೆಯ ವರ್ಷ ಲೆಕ್ಕ ಸರಿದೂಗಿತು.

ಆದರೂ 200 ರೂಪಾಯಿ ಭಾರವಾಗುವವರು ಇದ್ದೇ ಇದ್ದಾರೆ. ಅಂಥವರಿಗೆ ಅವರ ಊರಿನ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಚೀಟಿ ಬರೆದುಕೊಡುತ್ತೇನೆ. ಬಿಪಿ, ಸಕ್ಕರೆಯ ಮಾತ್ರೆಗಳು ಅಲ್ಲಿ ಉಚಿತ, ಆಶಾ ಕಾರ್ಯಕರ್ತೆ ಮನೆಗೇ ಹೋಗಿ ವಿಚಾರಿಸುತ್ತಾರೆ. ರೋಗಿಗಳನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದೀರಿ ಎಂದು ಮಿತ್ರರು ಎಚ್ಚರಿಸಿದ್ದರು. ಹಾಗೆ ಹೋದವರು ವರ್ಷಕ್ಕೆ ಒಂದೆರಡು ಸಲ ಪಾದ ತೋರಿಸಲು ನಮ್ಮ ಸಿಸ್ಟರ್ ಬಳಿಗೇ ಬರುತ್ತಾರೆ, ಬರುವಾಗ ನೆಂಟರನ್ನೂ ಕರೆತರುತ್ತಾರೆ. ಈ ವಾರ ಅಂಥ ಹನ್ನೊಂದು ಚೀಟಿಗಳನ್ನು ಬರೆದಿದ್ದೇನೆ.